ನಿನಗೇನು ಬೇಕು?

ಕನ್ನಡದಲ್ಲಿ ‘ಬೇಕು’ ಎಂಬುದು ಬಹು ಚಿಕ್ಕ ಮಾತು. ಮಗು ನುಡಿಯಲು ಕಲಿಯುವಾಗ ಅಮ್ಮ, ಅಪ್ಪ ಎಂಬ ಮಾತುಗಳ ಬೆನ್ನಿಗೇ ಅದರ ಬಾಯಿಗೆ ಬರುವವು ‘ಬೇಕು’, ‘ಬೇಡ’ ಎಂಬ ಈ ಎರಡು ಪದಗಳು. ಮೂವತ್ತಾರು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡವನ್ನು ಬೋಧಿಸಿದ ನಾನು ವ್ಯಾಕರಣದ ತರಗತಿಯಲ್ಲಿ ಈ ಪದವನ್ನು ಕುರಿತು ಪ್ರತಿವರ್ಷವೂ ತಪ್ಪದೆ ಒಂದು ಮಾತನ್ನು ಹೇಳುತ್ತಿದ್ದೆ: “ಉಳಿದ ಕ್ರಿಯಾಪದಗಳಂತೆ ಇದು ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ರೂಪವನ್ನು ಬದಲಿಸುವುದಿಲ್ಲ. ನನಗೂ ಬೇಕು, ನಿನಗೂ ಬೇಕು, ಅವಳಿಗೂ ಬೇಕು. ಅರಸನಿಗೂ ಬೇಕು, ತಿರುಕನಿಗೂ ಬೇಕು.” ಮಕ್ಕಳು ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಒಂದು ಅಂಕವನ್ನೂ ಪಡೆಯುತ್ತಿದ್ದರು. ಆದರೆ ಈ ಪದದ ವ್ಯಾಕರಣವನ್ನು ಬಲ್ಲ ನನಗೇ ಅದರ ಅರ್ಥವು ಬಹುಕಾಲ ತಿಳಿದಿರಲಿಲ್ಲ. ಅದನ್ನು ನನಗೆ ಕಲಿಸಿದವರು ಇಬ್ಬರು ಬಾಲಕರು. ಇಬ್ಬರಿಗೂ ಬಂದದ್ದು ಒಂದೇ ರೋಗ. ಇಬ್ಬರ ನಡುವೆ ಇಪ್ಪತ್ತಾರು ವರ್ಷಗಳ ಅಂತರ.

ಮೊದಲನೆಯವನು ನನ್ನ ವಿದ್ಯಾರ್ಥಿಯೇ. 1988ರಲ್ಲಿ ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಉಪಾಧ್ಯಾಯನಾಗಿದ್ದೆ. ಆ ಹುಡುಗನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅವನದು 23ನೆಯ ಸಂಖ್ಯೆ. ನಾಲ್ಕು ಮೈಲಿ ನಡೆದು ಬರುತ್ತಿದ್ದನಾದರೂ ಒಂದು ದಿನವೂ ತಡವಾದವನಲ್ಲ. ಮಳೆಗಾಲದ ಕೊನೆಯಲ್ಲಿ ಅವನಿಗೆ ಬಿಡದೆ ಜ್ವರ ಬರತೊಡಗಿತು. ಮೈಮೇಲೆ ಪೆಟ್ಟು ಬೀಳದಿದ್ದರೂ ಅಲ್ಲಲ್ಲಿ ನೀಲಿಗಟ್ಟಿದ ಕಲೆಗಳು ಕಾಣಿಸಿಕೊಂಡವು. ಶಿವಮೊಗ್ಗದಲ್ಲಿ ರಕ್ತಪರೀಕ್ಷೆ ನಡೆಸಿದವರು ಕೂಡಲೇ ಬೆಂಗಳೂರಿಗೆ ಕರೆದೊಯ್ಯಲು ಹೇಳಿದರು. ರಕ್ತದ ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಊರು ಅಂದು ಮೊದಲ ಬಾರಿಗೆ ಕೇಳಿತು.

ಒಂದು ತಿಂಗಳು ಕಳೆಯಿತು. ಎರಡು ತಿಂಗಳು ಕಳೆಯಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಂತವು. ಪುಸ್ತಕವನ್ನು ಅಚ್ಚುಕಟ್ಟಾಗಿ ಇಡಬೇಕೆಂಬ ಹಂಬಲ ನನಗೆ ಹೆಚ್ಚು. ಯಾರೂ ಹೇಳದಿದ್ದರೂ ಒಂದು ಸಂಜೆ ನಾನಾಗಿಯೇ ಕೆಂಪು ಮಸಿಯ ಲೇಖನಿಯನ್ನು ಎತ್ತಿಕೊಂಡು 23ನೆಯ ಹೆಸರಿನ ಮೇಲೆ ಅಡಿಕೋಲು ಇಟ್ಟು ಒಂದು ಗೆರೆ ಎಳೆದೆ. ಗೆರೆ ಬಹಳ ನೇರವಾಗಿತ್ತು.

ಇದರ ಜೊತೆಗೇ, ಹುಡುಗನಿಗೆ ಏನಾದರೂ ಮಾಡಬೇಕೆಂಬ ಒಳ್ಳೆಯ ಉದ್ದೇಶವೂ ನಮಗಿತ್ತು. ಮಕ್ಕಳಿಂದಲೂ ಉಪಾಧ್ಯಾಯರಿಂದಲೂ 640 ರೂಪಾಯಿ ಕೂಡಿತು. ನಾವು ಮೂವರು ಉಪಾಧ್ಯಾಯರು ಪೇಟೆಗೆ ಹೋಗಿ ಒಂದು ಉಣ್ಣೆಯ ಸ್ವೆಟರು, ಒಂದು ಬುಟ್ಟಿ ಹಣ್ಣು, ಕೀಲಿ ಕೊಟ್ಟರೆ ಓಡುವ ಒಂದು ಆಟದ ರೈಲು, ಇವನ್ನೆಲ್ಲ ಕೊಂಡೆವು. ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ವಾರ್ಡಿನ ದಾದಿ ಹಣ್ಣಿನ ಬುಟ್ಟಿಯನ್ನು ಹೊರಗೇ ಇರಿಸಿದರು. ಆ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಹೊರಗಿನ ಹಣ್ಣನ್ನು ಕೊಡುವಂತಿರಲಿಲ್ಲ. ಸ್ವೆಟರು ಅವನ ಸೊರಗಿದ ಮೈಗೆ ಎರಡು ಪಟ್ಟು ದೊಡ್ಡದಾಯಿತು. ಹದಿಮೂರು ವರ್ಷದ ಹುಡುಗ ಆಟದ ರೈಲನ್ನು ಒಮ್ಮೆ ನೋಡಿ, ನಮ್ಮ ಮನಸ್ಸು ನೋಯದಿರಲೆಂದು ನಕ್ಕ. ಹಾಸಿಗೆಯ ಪಕ್ಕದಲ್ಲಿ ನಿಂತು ನಾವು ಒಂದು ಭಾವಚಿತ್ರವನ್ನೂ ತೆಗೆಸಿಕೊಂಡೆವು.

ಹೊರಡುವ ಹೊತ್ತಿಗೆ ಅವನು ನನ್ನ ಕೈಹಿಡಿದು ಮೆಲ್ಲನೆ ಕೇಳಿದ: “ಸಾರ್, ಹಾಜರಿ ಕರೆಯುವಾಗ ನನ್ನ ಹೆಸರನ್ನೂ ಕರೆಯುತ್ತೀರಾ?”

“ಕರೆಯುತ್ತೇನಪ್ಪ, ದಿನವೂ ಕರೆಯುತ್ತೇನೆ” ಎಂದೆ. ಅದು ಸುಳ್ಳು. ಊರಿಗೆ ಹಿಂದಿರುಗಿದೊಡನೆ ಅವನ ಹೆಸರನ್ನು ಮತ್ತೆ ಬರೆದು ಸುಳ್ಳನ್ನು ನಿಜ ಮಾಡಬೇಕೆಂದುಕೊಂಡೆ. ಆದರೆ ತಿಂಗಳ ನಡುವೆ ಪುಸ್ತಕವನ್ನು ತಿದ್ದುವುದೇಕೆ, ಮುಂದಿನ ತಿಂಗಳ ಪುಟದಲ್ಲಿ ಬರೆದರಾಯಿತು ಎಂದು ಮುಂದಕ್ಕೆ ಹಾಕಿದೆ. ಮುಂದಿನ ತಿಂಗಳ ಪುಟವನ್ನು ನಾನು ತೆರೆಯುವ ಮೊದಲೇ ಆಸ್ಪತ್ರೆಯಿಂದ ಸುದ್ದಿ ಬಂದಿತು. ಅವನು ಬಯಸಿದ್ದಕ್ಕೆ ಒಂದು ಕಾಸೂ ಬೇಕಿರಲಿಲ್ಲ. ದಿನಕ್ಕೊಂದು ಸಲ ಒಂದು ಹೆಸರನ್ನು ಉಚ್ಚರಿಸಿದ್ದರೆ ಸಾಕಾಗಿತ್ತು. 640 ರೂಪಾಯಿಯನ್ನು ಖರ್ಚು ಮಾಡಿದ ನಾವು, ನಿನಗೇನು ಬೇಕು ಎಂಬ ಒಂದು ಪ್ರಶ್ನೆಯನ್ನು ಅವನಿಗೆ ಕೇಳಿರಲಿಲ್ಲ.

ಅಂದಿನಿಂದ ಕಾಯಿಲೆಯಲ್ಲಿರುವ ಯಾವ ಮಗುವಿನ ಹೆಸರನ್ನೂ ನಾನು ಹೊಡೆದುಹಾಕಲಿಲ್ಲ. ಪ್ರತಿದಿನವೂ ಕೂಗಿ ಕರೆದೆ. “ಆಸ್ಪತ್ರೆಯಲ್ಲಿದ್ದಾನೆ ಸಾರ್” ಎಂದು ತರಗತಿಯೇ ಉತ್ತರ ಕೊಡುತ್ತಿತ್ತು. ಆದರೂ ನನ್ನೊಳಗಿನ ಕೆಂಪು ಗೆರೆ ಅಳಿಯಲಿಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ನನಗೆ ಮಾತು ತಡವರಿಸುತ್ತಿತ್ತು. ಸಾವಿನ ಬಾಗಿಲಿಗೆ ಹೋದ ಆ ಬಾಲಕನಿಗೆ ಯಮನು ಮೂರು ವರಗಳನ್ನು ಕೊಡುತ್ತೇನೆಂದನಲ್ಲವೆ? ಇಂಥದು ನಿನಗೆ ಒಳ್ಳೆಯದು, ತೆಗೆದುಕೊ ಎಂದು ಅವನು ತಾನಾಗಿ ಏನನ್ನೂ ಮೊದಲು ಮುಂದಿಡಲಿಲ್ಲ, ಬೇಡು ಎಂದನು. ನಚಿಕೇತನು ಮೊದಲ ವರವಾಗಿ ಬೇಡಿದ್ದು ಹೊನ್ನನ್ನಲ್ಲ, ಆಯುಸ್ಸನ್ನಲ್ಲ. ತನ್ನ ತಂದೆಯ ಮನಸ್ಸಿನ ಕಳವಳ, ಕೋಪಗಳು ಶಾಂತವಾಗಲಿ, ತಾನು ಹಿಂದಿರುಗಿದಾಗ ಅವನು ತನ್ನನ್ನು ಗುರುತಿಸಿ ಪ್ರೀತಿಯಿಂದ ಮಾತನಾಡಿಸಲಿ ಎಂದು ಬೇಡಿದನು. ತನ್ನ ಮನೆಯಲ್ಲಿ ತನಗೊಂದು ಸ್ಥಳ ಉಳಿದಿರಲಿ ಎಂಬುದೇ ಆ ಬಾಲಕನ ಮೊದಲ ಆಸೆ. ನನ್ನ ವಿದ್ಯಾರ್ಥಿಯೂ ಕೇಳಿದ್ದು ತರಗತಿಯಲ್ಲಿ ತನ್ನ ಸ್ಥಳವನ್ನೇ. ಯಮನು ಕೇಳಿದನು, ನಾನು ಕೇಳಲಿಲ್ಲ.

ಇಪ್ಪತ್ತಾರು ವರ್ಷಗಳು ಕಳೆದವು. 2014ರ ಅಕ್ಟೋಬರಿನಲ್ಲಿ, ಅದೇ ತಾಲ್ಲೂಕಿನ ಬೇರೊಂದು ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ವೃತ್ತಪತ್ರಿಕೆಯಲ್ಲಿ ಒಂದು ಚಿತ್ರವನ್ನು ಕಂಡೆ. ಹೈದರಾಬಾದಿನ ಪೊಲೀಸ್ ಆಯುಕ್ತರ ಕುರ್ಚಿಯಲ್ಲಿ ಹತ್ತು ವರ್ಷದ ಒಬ್ಬ ಬಾಲಕ ಖಾಕಿ ಉಡುಪನ್ನು ಧರಿಸಿ ಗಂಭೀರವಾಗಿ ಕುಳಿತಿದ್ದ. ಅವನು ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹುಡುಗ. ಪೊಲೀಸ್ ಅಧಿಕಾರಿಯಾಗಬೇಕೆಂಬುದು ಅವನ ಆಸೆ. ಒಂದು ದಿನದ ಮಟ್ಟಿಗೆ ಆ ಮಹಾನಗರದ ಆಯುಕ್ತನೇ ಅವನಾಗಿದ್ದ. ‘ಮೇಕ್ ಎ ವಿಶ್’ ಎಂಬ ಸಂಸ್ಥೆ ಇದನ್ನು ಏರ್ಪಡಿಸಿತೆಂದು ಪತ್ರಿಕೆ ಬರೆದಿತ್ತು. ಆ ಸಂಸ್ಥೆಯ ಹುಟ್ಟನ್ನು ತಿಳಿಯಬೇಕೆಂದು ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಮೂಲದಲ್ಲಿಯೂ ಇದ್ದವನು ಇಂಥವನೇ ಒಬ್ಬ ಬಾಲಕ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಕ್ರಿಸ್ ಎಂಬ ಏಳು ವರ್ಷದ ಹುಡುಗನಿದ್ದ. ಅವನಿಗೂ ರಕ್ತದ ಕ್ಯಾನ್ಸರ್. ದೊಡ್ಡವನಾದ ಮೇಲೆ ಪೊಲೀಸನಾಗಿ ಕೆಟ್ಟವರನ್ನು ಹಿಡಿಯಬೇಕೆಂಬುದು ಅವನ ಹಂಬಲ. ದೊಡ್ಡವನಾಗುವಷ್ಟು ಕಾಲ ಅವನಿಗಿಲ್ಲವೆಂಬುದು ತಾಯಿಗೆ ತಿಳಿದಿತ್ತು. ಆ ಕುಟುಂಬದ ಸ್ನೇಹಿತರಾಗಿದ್ದ ಸುಂಕದ ಇಲಾಖೆಯ ಅಧಿಕಾರಿಯೊಬ್ಬರು ಈ ಸಂಗತಿಯನ್ನು ರಾಜ್ಯದ ಪೊಲೀಸ್ ಇಲಾಖೆಯ ಮಿತ್ರರಿಗೆ ಹೇಳಿದರು. 1980ರ ಏಪ್ರಿಲ್ 29ರಂದು ಹೆಲಿಕಾಪ್ಟರೊಂದು ಹುಡುಗನನ್ನು ಹತ್ತಿಸಿಕೊಂಡು ನಗರದ ಮೇಲೆ ಹಾರಿ ಇಲಾಖೆಯ ಕೇಂದ್ರ ಕಚೇರಿಗೆ ಕರೆತಂದಿತು. ಅಲ್ಲಿ ಅವನಿಗೆ ಪ್ರಮಾಣವಚನ ಬೋಧಿಸಿ ಗೌರವ ಅಧಿಕಾರಿಯನ್ನಾಗಿ ಮಾಡಿದರು. ಇಲಾಖೆಗೆ ಉಡುಪು ಹೊಲಿಯುತ್ತಿದ್ದವರು ರಾತ್ರಿಯಿಡೀ ಕುಳಿತು ಏಳು ವರ್ಷದ ಮೈಗೆ ಒಪ್ಪುವ ಸಮವಸ್ತ್ರವನ್ನು ಹೊಲಿದುಕೊಟ್ಟರು.

ಇಷ್ಟಾದ ಮೇಲೂ ಹುಡುಗನಿಗೆ ಇನ್ನೊಂದು ಆಸೆ ಉಳಿದಿತ್ತು. ಮೋಟಾರು ಸೈಕಲ್ಲಿನ ಅಧಿಕಾರಿಗಳು ಎದೆಯ ಮೇಲೆ ಧರಿಸುವ ರೆಕ್ಕೆಯ ಬಿಲ್ಲೆ ತನಗೂ ಬೇಕೆಂದ. ಆ ಅಧಿಕಾರಿಗಳು ಅದನ್ನು ಸುಮ್ಮನೆ ತೆಗೆದುಕೊಡಬಹುದಾಗಿತ್ತು. ಆದರೆ ಅವರು ಹಾಗೆ ಮಾಡಲಿಲ್ಲ. ಬ್ಯಾಟರಿಯಿಂದ ಓಡುವ ಅವನ ಪುಟ್ಟ ಮೋಟಾರು ಸೈಕಲ್ಲನ್ನೇ ಹೊರತರಿಸಿ ಅವನಿಗೆ ಚಾಲನಾಪರೀಕ್ಷೆ ನಡೆಸಿದರು. ಅವನು ಅದರಲ್ಲಿ ತೇರ್ಗಡೆಯಾದ. ಈ ಒಂದು ಸಂಗತಿ ನನ್ನ ಮೇಷ್ಟರ ಮನಸ್ಸಿಗೆ ಬಹಳವಾಗಿ ಹಿಡಿಸಿತು. ಕನಿಕರದಿಂದ ಕೊಟ್ಟ ಬಿಲ್ಲೆಗೂ ಪರೀಕ್ಷೆಯಲ್ಲಿ ಗೆದ್ದು ಪಡೆದ ಬಿಲ್ಲೆಗೂ ಇರುವ ಅಂತರವನ್ನು ಆ ಅಧಿಕಾರಿಗಳು ಅರಿತಿದ್ದರು. ಅವರು ಅವನನ್ನು ರೋಗಿಯೆಂದು ಕಾಣಲಿಲ್ಲ, ತಮ್ಮವನೊಬ್ಬನೆಂದು ಕಂಡರು. ಬಿಲ್ಲೆಯು ಸಿದ್ಧವಾಗಿ ಬರುವ ವೇಳೆಗೆ ಕ್ರಿಸ್ ಮತ್ತೆ ಆಸ್ಪತ್ರೆ ಸೇರಿದ್ದ. ಮೋಟಾರು ಸೈಕಲ್ಲಿನ ಅಧಿಕಾರಿ ಫ್ರಾಂಕ್ ಶ್ಯಾಂಕ್‌ವಿಟ್ಜ್ ಅದನ್ನು ತಂದು ಅವನ ಸಮವಸ್ತ್ರಕ್ಕೆ ಚುಚ್ಚಿದರು. ಮೇ 3ರಂದು ಹುಡುಗ ತೀರಿಕೊಂಡ. ಅವನನ್ನು ಬಲ್ಲ ಆ ಕೆಲವರೇ ಸೇರಿ, ಬೇರೆ ಮಕ್ಕಳಿಗೂ ಇಂಥ ಒಂದು ದಿನ ದೊರೆಯಲೆಂದು ಅದೇ ವರ್ಷ ಸಂಸ್ಥೆಯನ್ನು ಕಟ್ಟಿದರು. 1996ರಲ್ಲಿ ಅದರ ಭಾರತೀಯ ಶಾಖೆ ಆರಂಭವಾಯಿತು.

ಈ ಸಂಸ್ಥೆಯ ಕಾರ್ಯಕ್ರಮವನ್ನು ಓದಿದಾಗ ಎರಡು ವಿಷಯಗಳು ನನ್ನ ಗಮನ ಸೆಳೆದವು. ಮೊದಲನೆಯದು, ಅವರು ಕೇಳುವ ಬಗೆ. ಸ್ವಯಂಸೇವಕರು ಇಬ್ಬಿಬ್ಬರಾಗಿ ಮಗುವಿನ ಬಳಿಗೆ ಹೋಗುತ್ತಾರೆ. ತಂದೆತಾಯಿಗಳು ತಮ್ಮ ಆಸೆಯನ್ನು ಮಗುವಿನ ಬಾಯಲ್ಲಿ ಇಡದಂತೆ ನೋಡಿಕೊಂಡು, ಮಗುವಿನ ಮಾತನ್ನೇ ಕೇಳುತ್ತಾರೆ. ಚಿಕಿತ್ಸೆ ಮಾಡುವ ವೈದ್ಯರ ಒಪ್ಪಿಗೆಯಿಲ್ಲದೆ ಮುಂದುವರಿಯುವುದಿಲ್ಲ. ಮಕ್ಕಳು ಹೇಳುವ ಆಸೆಗಳನ್ನು ಅವರು ಕೆಲವು ಬಗೆಗಳಾಗಿ ವಿಂಗಡಿಸಿದ್ದಾರೆ. ಕನ್ನಡದಲ್ಲಿ ಅವನ್ನು ಹೇಳಿಕೊಂಡಾಗ ನನಗೆ ಬೆರಗಾಯಿತು: ಎಲ್ಲಿಗಾದರೂ ಹೋಗಬೇಕು, ಏನಾದರೂ ಆಗಬೇಕು, ಯಾರನ್ನಾದರೂ ಕಾಣಬೇಕು, ಯಾವುದಾದರೂ ವಸ್ತು ಬೇಕು. ಎಲ್ಲದರ ಕೊನೆಗೂ ಅದೇ ‘ಬೇಕು’. ತನಗೆ ಏನೂ ಕೇಳದೆ, ಇತರರಿಗೆ ಏನಾದರೂ ಕೊಡಬೇಕು ಎನ್ನುವ ಮಕ್ಕಳೂ ಇರುವರಂತೆ.

ಎರಡನೆಯದು, ಈ ಕೆಲಸದಲ್ಲಿ ಶಾಲಾಮಕ್ಕಳಿಗಿರುವ ಪಾತ್ರ. ಅಮೆರಿಕದ ಶಾಲೆಗಳಲ್ಲಿ ಇದಕ್ಕಾಗಿಯೇ ‘ಕಿಡ್ಸ್ ಫಾರ್ ವಿಶ್ ಕಿಡ್ಸ್’ ಎಂಬ ಕಾರ್ಯಕ್ರಮವಿದೆ. ವಿದ್ಯಾರ್ಥಿಗಳು ತಾವೇ ಯೋಜನೆ ಹಾಕಿ, ನೆರೆಹೊರೆಯವರ ಕಾರುಗಳನ್ನು ತೊಳೆದು, ಮನೆಯಲ್ಲಿ ಬೇಯಿಸಿದ ತಿನಿಸುಗಳನ್ನು ಮಾರಿ ಹಣ ಕೂಡಿಸುತ್ತಾರೆ. 2008ರಲ್ಲಿ ಅಲ್ಲಿಯ ಒಂದು ದೊಡ್ಡ ಅಂಗಡಿ ಸಮೂಹವು, ಕ್ರಿಸ್ಮಸ್ ತಾತನಿಗೆ ಮಕ್ಕಳು ಬರೆದು ತಂದು ತಮ್ಮ ಪೆಟ್ಟಿಗೆಯಲ್ಲಿ ಹಾಕುವ ಒಂದೊಂದು ಪತ್ರಕ್ಕೂ ಒಂದೊಂದು ಡಾಲರಿನಂತೆ ಹತ್ತು ಲಕ್ಷ ಡಾಲರಿನವರೆಗೆ ಈ ಸಂಸ್ಥೆಗೆ ಕೊಡುವ ಏರ್ಪಾಡನ್ನು ಆರಂಭಿಸಿತು. ತನ್ನ ಆಸೆಯನ್ನು ಬರೆಯುವ ಆರೋಗ್ಯವಂತ ಮಗು, ತಾನು ಕಾಣದ ಒಂದು ಮಗುವಿನ ಆಸೆಗೆ ನೆರವಾಗುವ ಈ ಉಪಾಯ ಎಷ್ಟು ಸೊಗಸಾದುದು!

ನಮ್ಮ ಹಳ್ಳಿಯ ಶಾಲೆಗೂ ಆ ದೊಡ್ಡ ಸಂಸ್ಥೆಗೂ ಸಂಬಂಧವಿರಲಿಲ್ಲ. ಆದರೆ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಮ್ಮ, ಒಂಬತ್ತು ವರ್ಷದವನು, ಐದು ತಿಂಗಳಿಂದ ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ. ಚಿಕಿತ್ಸೆಯ ನಡುವಿನ ಬಿಡುವಿನಲ್ಲಿ ಊರಿಗೆ ಬಂದು ಹೋಗುತ್ತಿದ್ದ. ನಾನು ಆ ಹುಡುಗಿಯನ್ನೂ ಅವಳ ತಂದೆತಾಯಿಗಳನ್ನೂ ಕೇಳಿ, ಅವರು ಒಪ್ಪಿದ ಮೇಲೆ ತರಗತಿಯಲ್ಲಿ ಈ ವಿಷಯವನ್ನೆತ್ತಿದೆ. ನಲವತ್ತೆರಡು ಮಕ್ಕಳೂ ಉತ್ಸಾಹದಿಂದ ಎದ್ದು ನಿಂತರು. ಒಬ್ಬನು ಕ್ರಿಕೆಟ್ ದಾಂಡು ಕೊಡೋಣವೆಂದ; ಒಬ್ಬಳು ಹೊಸಬಟ್ಟೆ ಎಂದಳು; ಮತ್ತೊಬ್ಬನು ರಿಮೋಟಿನಿಂದ ಓಡುವ ಕಾರು ಎಂದ. ನನಗೆ ಕೀಲಿ ಕೊಟ್ಟರೆ ಓಡುವ ರೈಲಿನ ನೆನಪಾಯಿತು. ಅದುವರೆಗೆ ಯಾರಿಗೂ ಹೇಳದಿದ್ದ 23ನೆಯ ಸಂಖ್ಯೆಯ ಕಥೆಯನ್ನು ಅಂದು ಆ ಮಕ್ಕಳಿಗೆ ಹೇಳಿದೆ. ಕೆಂಪು ಗೆರೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ತರಗತಿ ಸ್ತಬ್ಧವಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ನಾವು ಮೊದಲು ಹೋಗಿ ಕೇಳೋಣ ಸಾರ್” ಎಂದಳು.

ಆ ಹುಡುಗಿಯೂ ಅವಳ ಸಹಪಾಠಿಯೊಬ್ಬನೂ ಭಾನುವಾರ ಅವನ ಮನೆಗೆ ಹೋದರು. ಕೈಯಲ್ಲಿ ಏನನ್ನೂ ಒಯ್ಯಬಾರದೆಂದು ನಾನು ಷರತ್ತು ಹಾಕಿದ್ದೆ. ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ದೂರ ಕುಳಿತು, “ನಿನಗೇನು ಬೇಕು?” ಎಂದು ಕೇಳಿದರು. “ಏನೂ ಬೇಡ” ಎಂದ. ಎರಡನೆಯ ಭಾನುವಾರವೂ ಅದೇ ಉತ್ತರ. ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ಬಂದರು.

ಅವನೇಕೆ ಹಾಗೆಂದನೆಂದು ನಾವೆಲ್ಲ ಕುಳಿತು ಆಲೋಚಿಸಿದೆವು. ರಕ್ತದ ಕ್ಯಾನ್ಸರಿನಲ್ಲಿ ಅಸ್ಥಿಮಜ್ಜೆಯು ಕೆಟ್ಟ ಜೀವಕೋಶಗಳನ್ನೇ ಹೆಚ್ಚಾಗಿ ತಯಾರಿಸುತ್ತದೆ. ಅವನ್ನು ಕೊಲ್ಲುವ ತೀಕ್ಷ್ಣವಾದ ಔಷಧಗಳು ರೋಗದೊಡನೆ ಹೋರಾಡುವ ಒಳ್ಳೆಯ ಬಿಳಿಯ ರಕ್ತಕಣಗಳನ್ನೂ ಕುಗ್ಗಿಸುತ್ತವೆ. ಆಗ ಸಾಮಾನ್ಯವಾದ ಒಂದು ನೆಗಡಿಯೂ ಪ್ರಾಣಕ್ಕೆ ಅಪಾಯ ತರಬಹುದು. ಆದ್ದರಿಂದ ಜಾತ್ರೆ ಬೇಡ, ಶಾಲೆ ಬೇಡ, ಮಣ್ಣಿನಲ್ಲಿ ಆಟ ಬೇಡ, ಅಂಗಡಿಯ ತಿಂಡಿ ಬೇಡ. ಐದು ತಿಂಗಳಿಂದ ಸುತ್ತಲಿನವರೆಲ್ಲರೂ ಅವನ ಒಳಿತಿಗಾಗಿಯೇ ‘ಬೇಡ’ ಎನ್ನುತ್ತಿದ್ದರು. ಆ ಮಗು ‘ಬೇಕು’ ಎಂಬ ಮಾತನ್ನೇ ಮರೆತಿತ್ತು. ಇನ್ನೊಂದು ಕಾರಣವನ್ನು ಅವನ ಅಕ್ಕನೇ ತಲೆತಗ್ಗಿಸಿ ಹೇಳಿದಳು: “ಅಪ್ಪ ಈ ವರ್ಷದ ಅಡಿಕೆಯನ್ನು ಮೊದಲೇ ಮಾರಿ ದುಡ್ಡು ತಂದಿದ್ದಾರೆ. ಅದು ಅವನಿಗೆ ಗೊತ್ತು ಸಾರ್.” ದೊಡ್ಡವರ ಸಂಕಟವನ್ನು ಅರಿತ ಮಗು ತನ್ನ ಆಸೆಯನ್ನು ತಾನೇ ಹೊಡೆದುಹಾಕಿಕೊಂಡಿತ್ತು.

“ಇನ್ನು ಪ್ರಶ್ನೆ ಕೇಳಬೇಡಿ, ಸುಮ್ಮನೆ ಜೊತೆಯಲ್ಲಿರಿ” ಎಂದೆ. ಮೂರನೆಯ ಭಾನುವಾರ ಮೂವರೂ ಚೌಕಾಬಾರ ಆಡಿದರಂತೆ. ಕವಡೆ ಹಾಕಿ ಕಾಯಿ ನಡೆಸುವಾಗ ಹುಡುಗನು ಒಂದೊಂದು ಮನೆಗೂ ಒಂದೊಂದು ಊರಿನ ಹೆಸರಿಟ್ಟು ಕೂಗತೊಡಗಿದ: “ಮಂಡಗದ್ದೆ... ಸಕ್ರೆಬೈಲು... ಯಾರ್ರೀ ಗಾಜನೂರು, ಬೇಗ ಇಳೀರಿ! ರೈಟ್, ರೈಟ್!” ತಿಂಗಳಿಗೆರಡು ಸಲ ಆಸ್ಪತ್ರೆಗೆ ಹೋಗುವ ಆ ದಾರಿಯಲ್ಲಿ ಅವನು ಕಣ್ಣರಳಿಸಿ ನೋಡುತ್ತಿದ್ದುದು ಬಸ್ಸಿನ ಕಂಡಕ್ಟರನ್ನು. ಸೂಜಿಯ ಕಡೆಗೆ ಸಾಗುವ ಆ ಪಯಣದಲ್ಲಿ ಬಸ್ಸನ್ನು ನಿಲ್ಲಿಸುವ, ಹೊರಡಿಸುವ ಅಧಿಕಾರವಿದ್ದ ಮನುಷ್ಯ ಅವನೊಬ್ಬನೇ. ನಮ್ಮ ಹುಡುಗಿ ಕೇಳಿದಳಂತೆ: “ಕಂಡಕ್ಟರ್ ಆಗುತ್ತೀಯೇನೋ?” ಅವನು ಕವಡೆಯನ್ನು ಕೈಯಲ್ಲಿಯೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, “ನಿಜವಾದ ಬಸ್ ಬೇಕಲ್ಲ ಅಕ್ಕ?” ಎಂದ. ಆ ವಾಕ್ಯದಲ್ಲಿದ್ದ ‘ಬೇಕು’ ಎಂಬ ಮಾತನ್ನು ಕೇಳಿ ಅವರಿಬ್ಬರೂ ಓಡಿಕೊಂಡು ನನ್ನ ಮನೆಗೆ ಬಂದರು.

ಅಲ್ಲಿಂದ ಮುಂದಿನದೆಲ್ಲ ಮಕ್ಕಳ ಕೆಲಸ. ನಮ್ಮ ಊರಿಗೆ ಬರುವ ಖಾಸಗಿ ಬಸ್ಸಿನ ಮಾಲೀಕರು ಮಕ್ಕಳ ಮಾತಿಗೆ ಮಣಿದು ಒಂದು ಭಾನುವಾರದ ಮಧ್ಯಾಹ್ನ ಬಸ್ಸನ್ನೂ ಚಾಲಕನನ್ನೂ ಒಂದು ಗಂಟೆ ಕಾಲ ಬಿಟ್ಟುಕೊಡಲು ಒಪ್ಪಿದರು. ಡೀಸೆಲಿನ ಹಣಕ್ಕಾಗಿ ಮಕ್ಕಳು ರಜಾದಿನಗಳಲ್ಲಿ ಅಡಿಕೆ ಹೆಕ್ಕುವ ಕೆಲಸಕ್ಕೆ ಹೋದರು. ಒಬ್ಬ ವಿದ್ಯಾರ್ಥಿಯ ತಂದೆ ದರ್ಜಿ. ಅವರು ಖಾಕಿ ಉಡುಪನ್ನು ಹೊಲಿದರು. ನಿವೃತ್ತ ಕಂಡಕ್ಟರೊಬ್ಬರು ತಮ್ಮ ಹಳೆಯ ಚರ್ಮದ ಚೀಲವನ್ನು ಕೊಟ್ಟರು. ಅಷ್ಟೇ ಅಲ್ಲ, ಹುಡುಗನ ಜಗಲಿಗೆ ಎರಡು ದಿನ ಹೋಗಿ, ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳುಗಳ ಸಂದಿಯಲ್ಲಿ ಹಿಡಿಯುವುದು, ಒಂದು ಸೀಟಿಗೆ ಬಸ್ಸು ನಿಲ್ಲುವುದು, ಎರಡು ಸೀಟಿಗೆ ಹೊರಡುವುದು, ಇವನ್ನೆಲ್ಲ ಕಲಿಸಿ, “ಪಾಸಾದೆ, ನಾಳೆಯಿಂದ ಡ್ಯೂಟಿಗೆ ಬಾ” ಎಂದರು. ಅವರು ಫೀನಿಕ್ಸಿನ ಅಧಿಕಾರಿಗಳ ಕಥೆಯನ್ನು ಕೇಳಿದವರಲ್ಲ. ಮಗುವನ್ನು ಗೌರವಿಸುವ ಬಗೆ ಎಲ್ಲ ಊರುಗಳಲ್ಲಿಯೂ ಒಂದೇ ಎಂದು ತೋರುತ್ತದೆ.

ವೈದ್ಯರನ್ನು ಕೇಳದೆ ನಾವು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹುಡುಗನ ರಕ್ತಕಣಗಳ ಎಣಿಕೆ ಸರಿಯಾಗಿದ್ದರೆ ಮಾತ್ರ ಆಗಬಹುದೆಂದು ಅವರು ಹೇಳಿದರು. ಬಸ್ಸಿನಲ್ಲಿ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಇರಬಾರದು, ಕಿಟಕಿಗಳೆಲ್ಲ ತೆರೆದಿರಬೇಕು, ಎಲ್ಲರೂ ಮೂಗುಬಾಯಿಗಳಿಗೆ ಮುಸುಕು ಧರಿಸಿರಬೇಕು, ನೆಗಡಿ ಕೆಮ್ಮಲು ಇದ್ದವರು ಹತ್ತಿರ ಸುಳಿಯಬಾರದು. ಮಕ್ಕಳು ನಲವತ್ತೆರಡು ಮಂದಿ. ಆದ್ದರಿಂದ ಅವರು ಶಾಲೆಯಿಂದ ಕೆರೆಯ ಏರಿಯವರೆಗೆ ಎಂಟು ನಿಲ್ದಾಣಗಳನ್ನು ಗೊತ್ತುಮಾಡಿ, ಹತ್ತುವವರೂ ಇಳಿಯುವವರೂ ಸರಿಹೊಂದುವಂತೆ ಲೆಕ್ಕ ಹಾಕಿದರು. ಗಣಿತದ ಮೇಷ್ಟರು ಆ ಲೆಕ್ಕವನ್ನು ನೋಡಿ ತಲೆದೂಗಿದರು. ಮುದ್ದಾದ ಬರವಣಿಗೆಯ ಹುಡುಗನೊಬ್ಬನು ಐದು ರಾತ್ರಿ ಕುಳಿತು ಎಲ್ಲರಿಗೂ ಟಿಕೆಟುಗಳನ್ನು ಕೈಯಿಂದಲೇ ಬರೆದನು. ಭಾವಚಿತ್ರವನ್ನು ಯಾರೂ ತೆಗೆಯಬಾರದೆಂದು ಮಕ್ಕಳೇ ತೀರ್ಮಾನಿಸಿದರು.

2015ರ ಜನವರಿಯ ಆ ಭಾನುವಾರ ಬೆಳಗ್ಗೆ ಟಿಕೆಟು ಬರೆದ ಹುಡುಗನು ನನ್ನ ಮನೆಯ ಬೇಲಿಯ ಹೊರಗೇ ನಿಂತು ಕೂಗಿದ: “ಸಾರ್, ನನಗೆ ನಿನ್ನೆ ರಾತ್ರಿಯಿಂದ ನೆಗಡಿ. ನಾನು ಬರುವುದಿಲ್ಲ.” ಅವನಿಗೆ ನೆಗಡಿಯಾದದ್ದು ಯಾರಿಗೂ ತಿಳಿದಿರಲಿಲ್ಲ, ಹೇಳದಿದ್ದರೆ ತಿಳಿಯುತ್ತಲೂ ಇರಲಿಲ್ಲ. ಟಿಕೆಟುಗಳ ಕಟ್ಟನ್ನು ಹಿಂದಿನ ದಿನವೇ ಗೆಳೆಯನ ಕೈಗೆ ಕೊಟ್ಟಿದ್ದೇನೆಂದು ಹೇಳಿ ಹಿಂದಿರುಗಿ ನಡೆದ. ನಾನು ಅನೇಕ ವರ್ಷ ‘ತ್ಯಾಗ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದ್ದೇನೆ. ಅಂಥ ಪ್ರಬಂಧವನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಬಸ್ಸು ಹೊರಟಿತು. ಕೂದಲುದುರಿದ ತಲೆಯ ಮೇಲೆ ಖಾಕಿ ಟೊಪ್ಪಿಗೆ, ಹೆಗಲಲ್ಲಿ ಮೊಣಕಾಲಿನವರೆಗೂ ಇಳಿಬಿದ್ದ ಚೀಲ, ಕೈಯಲ್ಲಿ ಸೀಟಿ. ಅವನ ತಾಯಿ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. “ಎಲ್ಲಿಗಮ್ಮ?” ಎಂದು ಅವರನ್ನೂ ಬಿಡದೆ ಕೇಳಿ ಟಿಕೆಟು ಕೊಟ್ಟ. ಮುಖ್ಯೋಪಾಧ್ಯಾಯನೆಂಬ ಗತ್ತಿನಲ್ಲಿ ನಾನು, “ನನಗೆ ಪಾಸ್ ಇದೆಯಪ್ಪ” ಎಂದೆ. “ತೋರಿಸಿ” ಎಂದ. ಇರಲಿಲ್ಲ. ಹತ್ತು ರೂಪಾಯಿಯ ಟಿಕೆಟಿಗೆ ನೂರರ ನೋಟು ಕೊಟ್ಟೆ. ಅವನು ಚೀಲದಲ್ಲಿ ತಡಕಾಡಿ, ಮುಖ ಗಂಟಿಕ್ಕಿ, “ಚಿಲ್ಲರೆ ಇಲ್ಲ ಸಾರ್, ಇಳಿಯುವಾಗ ಕೇಳಿ ತಗೊಳ್ಳಿ” ಎಂದು ಟಿಕೆಟಿನ ಹಿಂದೆ 90 ಎಂದು ಬರೆದುಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ, ಕೆಲಸದಲ್ಲಿದ್ದ. ಎಂಟು ನಿಲ್ದಾಣಗಳಲ್ಲಿಯೂ ಬಸ್ಸು ಅವನ ಸೀಟಿಗೆ ನಿಂತಿತು, ಅವನ ಸೀಟಿಗೆ ಹೊರಟಿತು. ಕೊನೆಗೆ ಒಂದು ಟಿಕೆಟು ಉಳಿದದ್ದನ್ನು ಎಣಿಸಿ ಕಂಡುಕೊಂಡು, “ಯಾರು ಬಂದಿಲ್ಲ?” ಎಂದು ಅಕ್ಕನನ್ನು ಕೇಳಿದ. ಕಾರಣ ತಿಳಿದ ಮೇಲೆ, ಅದನ್ನು ಆ ಹುಡುಗನಿಗೆ ತಲುಪಿಸಲು ಅವಳ ಕೈಗೆ ಕೊಟ್ಟ. ಇಳಿಯುವಾಗ ಅವನು ಚಾಲಕನನ್ನು ಕೇಳಿದ ಪ್ರಶ್ನೆ ಇಷ್ಟೆ: “ಅಣ್ಣ, ನಾಳೆ ಡ್ಯೂಟಿ ಎಷ್ಟು ಗಂಟೆಗೆ?”

ಮರುದಿನ ಅವನು ಹೋದದ್ದು ಆಸ್ಪತ್ರೆಗೆ. ಚಿಕಿತ್ಸೆ ಇನ್ನೂ ಎರಡು ವರ್ಷ ನಡೆಯಿತು. ಅವನು ಗುಣಮುಖನಾದ. ನಮ್ಮ ಬಸ್ಸಿನಿಂದ ಗುಣವಾಯಿತೆಂದು ನಾನು ಹೇಳಿದರೆ ಅದು ನನ್ನ ಎರಡನೆಯ ಸುಳ್ಳಾದೀತು. ಗುಣಪಡಿಸಿದವು ಔಷಧಗಳು, ಗುಣಪಡಿಸಿದವರು ವೈದ್ಯರು. ಗಂಭೀರವಾದ ಕಾಯಿಲೆಯ ಮಗುವಿನ ಆಸೆ ಎಂದೊಡನೆ ಅದು ಕೊನೆಯ ಆಸೆಯೆಂದು ಭಾವಿಸುವುದೂ ತಪ್ಪು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡ ದೇಶಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. 2030ರ ವೇಳೆಗೆ ಜಗತ್ತಿನಲ್ಲೆಲ್ಲ ಕಡೆಯಪಕ್ಷ ನೂರಕ್ಕೆ 60 ಮಂದಿಯಾದರೂ ಉಳಿಯಬೇಕೆಂಬ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಇಟ್ಟುಕೊಂಡಿತು. ಮಗುವಿಗೆ ಮೊದಲು ದೊರೆಯಬೇಕಾದದ್ದು ಸಕಾಲದ ಚಿಕಿತ್ಸೆ. ಅದರ ಸ್ಥಾನದಲ್ಲಿ ಯಾವ ಬಸ್ಸೂ ನಿಲ್ಲಲಾರದು.

ಹಾಗಾದರೆ ಆ ಒಂದು ಗಂಟೆಯಿಂದ ಆದದ್ದೇನು? ಚಿಕಿತ್ಸೆಯು ಮಗುವಿನ ಪ್ರಾಣವನ್ನು ಕಾಯುತ್ತಿರುವಾಗ, ಅದಕ್ಕೊಂದು ಮನಸ್ಸೂ ಇದೆಯೆಂಬುದು ಎಲ್ಲರಿಗೂ ಮರೆತುಹೋಗುತ್ತದೆ. ಕೊನೆಗೆ ಮಗುವೇ ಅದನ್ನು ಮರೆಯುತ್ತದೆ. ‘ನಿನಗೇನು ಬೇಕು?’ ಎಂದು ಕೇಳಿ, ಉತ್ತರ ಬರುವವರೆಗೂ ಕಾದು ಕುಳಿತರೆ, ಮರೆತ ಮನಸ್ಸು ಹಿಂದಿರುಗಿ ಬರುತ್ತದೆ. ಕೊಡುವುದು ಸುಲಭ; ಅದಕ್ಕೆ ಹಣವಿದ್ದರೆ ಸಾಕು. ಕೇಳುವುದು ಕಷ್ಟ; ಅದಕ್ಕೆ ತಾಳ್ಮೆ ಬೇಕು, ಮೂರು ಭಾನುವಾರಗಳು ಬೇಕು, ಚೌಕಾಬಾರದಲ್ಲಿ ಸೋಲುವ ಮನಸ್ಸು ಬೇಕು. ನನಗೆ ಇಪ್ಪತ್ತಾರು ವರ್ಷಗಳಲ್ಲಿ ಬಾರದ ಆ ವಿದ್ಯೆಯನ್ನು ಒಂಬತ್ತನೆಯ ತರಗತಿಯ ಮಕ್ಕಳು ಮೂರು ವಾರಗಳಲ್ಲಿ ಕಲಿತರು.

2019ರಲ್ಲಿ ನಾನು ನಿವೃತ್ತನಾದೆ. ಅಂದಿನ ಕಂಡಕ್ಟರ್ ಈಗ ಮೀಸೆ ಮೂಡಿದ ತರುಣ, ಶಿವಮೊಗ್ಗದಲ್ಲಿ ಓದುತ್ತಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಮನೆಗೂ ಬರುತ್ತಾನೆ. ಅವನು ಬರೆದುಕೊಟ್ಟ ಟಿಕೆಟು ನನ್ನ ನಿಘಂಟಿನಲ್ಲಿ, ‘ಬೇಕು’ ಎಂಬ ಪದವಿರುವ ಪುಟದಲ್ಲಿದೆ. ಇಳಿಯುವಾಗ ಚಿಲ್ಲರೆ ಕೇಳುವುದನ್ನು ನಾನು ಮರೆತಿದ್ದೆ. ಲೆಕ್ಕದ ಪ್ರಕಾರ ಅವನು ನನಗೆ ಇನ್ನೂ 90 ರೂಪಾಯಿ ಕೊಡಬೇಕು. ನಾನು ಕೇಳುವುದಿಲ್ಲ. ಆ ಬಾಕಿ ಹಾಗೆಯೇ ಇರಲಿ.